ಗೊಣಗಾಟದ ಗಾಲಿಗಳು

ಲಂಡನ್ನಿನ ಕೋವೆಂಟ್ ಗಾರ್ಡನ್‌ನಲ್ಲಿ, ಹಿಂದೆ ಹೂವಿನ ಮಾರುಕಟ್ಟೆಯಾಗಿದ್ದ ಕಟ್ಟಡದೊಳಗೆ, 1980ರಿಂದ ಆ ಊರಿನ ಸಾರಿಗೆ ಮ್ಯೂಸಿಯಂ ಇದೆ. ಕುದುರೆ ಬಸ್ಸು, ಟ್ರ್ಯಾಮು, ಉಗಿ ಎಂಜಿನ್, ಕೆಂಪು ಡಬಲ್ ಡೆಕ್ಕರ್ ಎಲ್ಲವೂ ಮೈ ತೊಳೆದು ಬಣ್ಣ ಬಳಿಸಿಕೊಂಡು ನಿಂತಿವೆ. ಕೈ ಮಾಡದಿದ್ದರೂ ಬಸ್ಸು ನಿಂತೇ ಇರುವ ಜಾಗ ಇಂಥದ್ದೊಂದೇ ಇರಬೇಕು. ಟಿಕೆಟ್ಟಿನ ಹಿಂದೆ ಬಾಕಿ ಚಿಲ್ಲರೆ ಬರೆದುಕೊಟ್ಟು ಮರೆಯಾಗುವ ಕಂಡಕ್ಟರ್ ಇಲ್ಲ, ಕಾಲು ತುಳಿಯುವವರಿಲ್ಲ, ‘ಮುಂದೆ ಹೋಗ್ರೀ’ ಎನ್ನುವವರೂ ಇಲ್ಲ. ಇಂಥ ಕಡೆಗೆ ಹೋದವರು ಎಂಜಿನಿಯರುಗಳನ್ನು ಹೊಗಳುತ್ತ ಹೊರಬರುವುದು ವಾಡಿಕೆ. ನನ್ನ ತಕರಾರು ಇರುವುದೇ ಅಲ್ಲಿ. ಊರಿನ ಸಾರಿಗೆಯನ್ನು ಮುಂದಕ್ಕೆ ತಳ್ಳಿದ್ದರಲ್ಲಿ ಕುದುರೆ, ಉಗಿ, ವಿದ್ಯುತ್ತುಗಳ ಪಾಲು ಎಷ್ಟೇ ಇರಲಿ, ದೊಡ್ಡ ಪಾಲು ಒಳಗೆ ಕೂತು, ಬಹುಮಟ್ಟಿಗೆ ನಿಂತು, ಗೊಣಗಿದ ಪ್ರಯಾಣಿಕನದು. ಮದುವೆಮನೆಯಲ್ಲಿ ಎಲೆ ಮುಂದೆ ಕೂತು ಮುಖ ಸಿಂಡರಿಸಿದವನಿಂದಲ್ಲವೇ ಎರಡನೇ ಪಂಕ್ತಿಯವರ ಸಾರಿಗೆ ಉಪ್ಪು ಬೀಳುವುದು?

ಸಾಕ್ಷಿಗಳನ್ನು ಕರೆಯೋಣ. 1829ರ ಜುಲೈ 4ರಂದು ಜಾರ್ಜ್ ಶಿಲಿಬೀರ್ ಎಂಬಾತ ಪ್ಯಾಡಿಂಗ್ಟನ್ನಿನಿಂದ ಬ್ಯಾಂಕ್ ಎಂಬ ಪ್ರದೇಶದವರೆಗೆ ಮೂರು ಕುದುರೆ ಹೂಡಿದ ಬಸ್ಸು ಹೊರಡಿಸಿದ. ಪೂರ್ತಿ ದಾರಿಗೆ ಒಂದು ಶಿಲಿಂಗ್. ಕೂಲಿನಾಲಿಯವರಿಗೆ ಅದು ಎಟುಕುವ ಮಾತಾಗಿರಲಿಲ್ಲ. ಅವರು ಎಂದಿನಂತೆ ನಡೆದರು. ಪೈಪೋಟಿಗೆ ಬೇರೆಯವರು ಇಳಿದರು, ಶಿಲಿಬೀರ್ ದಿವಾಳಿಯಾದ. ಆಮೇಲೆ ಆತ ಹಿಡಿದದ್ದು ಶವ ಸಾಗಿಸುವ ಗಾಡಿಗಳ ಕಸುಬು. ದರ ಜಾಸ್ತಿಯಾಯಿತೆಂದೋ ಗಾಡಿ ಕುಲುಕುತ್ತದೆಂದೋ ತುಟಿ ಬಿಚ್ಚದ ಪ್ರಯಾಣಿಕರನ್ನು ಕೊನೆಗೂ ಸಂಪಾದಿಸಿಕೊಂಡನೆನ್ನಿ. ಅವನ ನಂತರವೂ ಕುದುರೆ ಬಸ್ಸು ಬೆಳೆಯಿತು, ಜೊತೆಗೆ ಲದ್ದಿಯೂ ಬೆಳೆಯಿತು. ಪಾಳಿ ಬದಲಿಸುತ್ತ ಹೋಗಬೇಕಾದ್ದರಿಂದ ಒಂದೊಂದು ಬಸ್ಸಿಗೂ ದಿನಕ್ಕೆ ಹತ್ತಕ್ಕೆ ಕಡಿಮೆಯಿಲ್ಲದಷ್ಟು ಕುದುರೆ ಬೇಕು. ರಸ್ತೆ ದಾಟುವವರ ಮುಂದೆ ಗುಡಿಸಿ ದಾರಿ ಮಾಡಿಕೊಟ್ಟು ಕಾಸು ಗಳಿಸುವುದೇ ಕೆಲವರ ಜೀವನೋಪಾಯವಾಗಿತ್ತು ಎಂದರೆ ಬೀದಿಯ ಸ್ಥಿತಿ ಊಹಿಸಿಕೊಳ್ಳಿ. 1910ರಲ್ಲಿ ‘ಬಿ ಟೈಪ್’ ಮೋಟಾರು ಬಸ್ಸು ಬಂತು. ಮರುವರ್ಷವೇ ಊರಿನ ದೊಡ್ಡ ಬಸ್ ಕಂಪನಿ ತನ್ನ ಕುದುರೆಗಳನ್ನು ಬಿಡುಗಡೆ ಮಾಡಿತು.

ನೆಲದಡಿಯ ಕತೆ ಇನ್ನೂ ಸ್ವಾರಸ್ಯ. 1863ರ ಜನವರಿ 10ರಂದು ಪ್ಯಾಡಿಂಗ್ಟನ್–ಫ್ಯಾರಿಂಗ್ಡನ್ ನಡುವೆ ಜಗತ್ತಿನ ಮೊದಲ ಸುರಂಗ ನಗರ ರೈಲು ಆರಂಭವಾಯಿತು. ಓಡಿಸುತ್ತಿದ್ದದ್ದು ಉಗಿ ಎಂಜಿನ್. ಹೊಗೆ ಹೋಗಲು ದಾರಿ ಅಲ್ಪಸ್ವಲ್ಪ. ಜನ ಕೆಮ್ಮಿದರು, ಕೆಮ್ಮಿನ ನಡುವೆ ಬೈದರು. 1897ರಲ್ಲಿ ಗಾಳಿಯ ವಿಚಾರಣೆ ನಡೆದಾಗ ಕಂಪನಿಯ ಕಡೆಯವರು ಕೊಟ್ಟ ಸಮಜಾಯಿಷಿ ಅದ್ಭುತ: ಉಬ್ಬಸ ಇರುವವರಿಗೆ ನಮ್ಮ ನಿಲ್ದಾಣ ಆರೋಗ್ಯಧಾಮವಿದ್ದಂತೆ! ಟಿಕೆಟ್ ದರಕ್ಕೆ ಚಿಕಿತ್ಸೆಯನ್ನೂ ಸೇರಿಸಿ ಬಿಲ್ ಮಾಡದೆ ಬಿಟ್ಟದ್ದು ಅವರ ಔದಾರ್ಯ.

‘ವಿದ್ಯುತ್ ಕೈಗೆ ಬಂದ ಮೇಲೆ ಹೊಗೆ ತಾನಾಗಿಯೇ ಹೋಯಿತು, ಇದರಲ್ಲಿ ಗೊಣಗಿದವರ ಸಾಧನೆ ಏನು ಬಂತು?’ ಎಂದು ಯಾರಾದರೂ ಕೇಳಬಹುದು. ತಾನಾಗಿಯೇ ಹೋಗಲಿಲ್ಲ ಸ್ವಾಮಿ. ಬರ್ಲಿನ್ನಿನ ವಸ್ತುಪ್ರದರ್ಶನದಲ್ಲಿ ಸೀಮೆನ್ಸ್ ವಿದ್ಯುತ್ ರೈಲನ್ನು ಓಡಿಸಿ ತೋರಿಸಿದ್ದು 1879ರಲ್ಲಿ. ಲಂಡನ್ನಿನಲ್ಲೇ 1890ಕ್ಕೆ ಆಳದ ಸುರಂಗದಲ್ಲಿ ವಿದ್ಯುತ್ ರೈಲು ಬಂತು. ಆದರೂ ಹಳೆಯ ಕಂಪನಿ ಹೊಗೆಯನ್ನೇ ಅಪ್ಪಿಕೊಂಡಿತ್ತು. 1900ರಲ್ಲಿ ಎರಡೇ ಪೆನ್ನಿಗೆ, ಹೊಗೆಯಿಲ್ಲದೆ ಕರೆದೊಯ್ಯುವ ಇನ್ನೊಂದು ಮಾರ್ಗ ತೆರೆದು, ಜನ ಅತ್ತ ಕಾಲು ಹಾಕಿದ ಮೇಲೆಯೇ ಆರೋಗ್ಯಧಾಮದವರಿಗೆ ಜ್ಞಾನೋದಯ. 1905ಕ್ಕೆ ಅಲ್ಲೂ ವಿದ್ಯುತ್ ಬಂತು. ಬಾಯಿಂದ ಬಂದ ದೂರಿಗೆ ಕಂಪನಿಗಳು ಕಿವುಡಾಗಬಲ್ಲವು. ಕಾಲಿನಿಂದ ಬಂದ ದೂರು ಅವುಗಳಿಗೆ ಚೆನ್ನಾಗಿ ಕೇಳಿಸುತ್ತದೆ. 1890ರ ಆ ವಿದ್ಯುತ್ ರೈಲೂ ಸಾಚಾ ಅಲ್ಲ. ಸುರಂಗದಲ್ಲಿ ನೋಡುವುದಕ್ಕೆ ಏನಿದೆ ಎಂದು ಡಬ್ಬಿಗಳಿಗೆ ಕಿಟಕಿಯನ್ನು ಹೆಸರಿಗಷ್ಟೇ ಮೇಲೆಲ್ಲೋ ಇಟ್ಟಿದ್ದರು. ತರ್ಕಕ್ಕೆ ತಪ್ಪಿಲ್ಲ, ಆದರೆ ಜನ ಅದನ್ನು ಹುಚ್ಚಾಸ್ಪತ್ರೆಯ ಮೆತ್ತೆ ಹೊದಿಸಿದ ಕೋಣೆಗೆ ಹೋಲಿಸಿ ಹೆಸರಿಟ್ಟರು. ಮುಂದಿನ ಡಬ್ಬಿಗಳಲ್ಲಿ ಕಿಟಕಿ ಕಣ್ಣಿನ ಮಟ್ಟಕ್ಕೆ ಇಳಿಯಿತು. ಆ ಹಳೆಯ ಕಿಟಕಿಗೇಡಿ ಡಬ್ಬಿಗಳಲ್ಲೊಂದು ಮ್ಯೂಸಿಯಂನಲ್ಲಿದೆ, ಸಂಶಯವಿದ್ದವರು ನೋಡಬಹುದು.

ಹ್ಯಾರಿ ಬೆಕ್ ಬರೆದ ಸುರಂಗ ರೈಲು ಮಾರ್ಗಗಳ ನಕ್ಷೆಯನ್ನು ನನ್ನ ವಾದಕ್ಕೆ ಎದುರಾಗಿ ಒಡ್ಡುವವರಿದ್ದಾರೆ. ಆತ ಪ್ರಯಾಣಿಕನಲ್ಲ, ವಿದ್ಯುತ್ ಮಂಡಲಗಳ ನಕ್ಷೆ ಎಳೆಯುವ ಒಳಗಿನ ಮನುಷ್ಯ. ಒಪ್ಪಿದೆ. ಆದರೆ 1931ರಲ್ಲಿ ಆತ ಮಾಡಿದ್ದು ಪ್ರಯಾಣಿಕನ ತಲೆಯಿಂದ ಯೋಚಿಸಿದ್ದು: ನೆಲದಡಿ ಇರುವವನಿಗೆ ಮೇಲಿನ ಊರಿನ ಅಂಕುಡೊಂಕು ಏಕೆ, ಎಲ್ಲಿ ಇಳಿದು ಎಲ್ಲಿ ಹತ್ತಬೇಕೆಂದು ಗೊತ್ತಾದರೆ ಸಾಲದೇ? ಕಚೇರಿ ಮೊದಲು ಬೇಡವೆಂದಿತು. 1933ರಲ್ಲಿ ಅಚ್ಚು ಹಾಕಿ ಜನರ ಕೈಗಿತ್ತಾಗ ಅವರು ಒಂದೇ ನೋಟಕ್ಕೆ ಒಪ್ಪಿದರು.

ನಿಜವಾಗಿ ಗಟ್ಟಿಯಾದ ಆಕ್ಷೇಪ ಟ್ರ್ಯಾಮಿನದು. ಟ್ರ್ಯಾಮು ದಾರಿಗಡ್ಡ ಎಂಬ ಗೊಣಗಾಟವೂ ಸೇರಿಯೇ 1952ರ ಜುಲೈಯಲ್ಲಿ ಲಂಡನ್ ಅದನ್ನು ಬೀಳ್ಕೊಟ್ಟಿತು. 2000ದಲ್ಲಿ ಕ್ರಾಯ್ಡನ್ ಕಡೆ ಮತ್ತೆ ಟ್ರ್ಯಾಮು ಓಡಿಸಿತು. ಹಾಗಾದರೆ ಗೊಣಗಾಟ ದಾರಿ ತಪ್ಪಿಸುವುದಿಲ್ಲವೇ? ತಪ್ಪಿಸುತ್ತದೆ. ಯಾರ ಗೊಣಗಾಟ ಎಂಬುದನ್ನು ನೋಡಬೇಕು. ದಾರಿಗಡ್ಡ ಎಂದವರು ಮೋಟಾರಿನಲ್ಲಿದ್ದವರು. ಒಳಗಿದ್ದವರ ಪ್ರೀತಿ ಉಕ್ಕಿದ್ದು ಕೊನೆಯ ಗಾಡಿಗೆ ಮುಗಿಬಿದ್ದು ಹತ್ತುವಾಗ. ಬಸ್ಸು ಏರದವರು ಬಸ್ಸಿನ ಬಗ್ಗೆ ಗಟ್ಟಿಯಾಗಿ ಮಾತಾಡಿ, ಏರುವವರು ಸುಮ್ಮನಿದ್ದರೆ, ಬಸ್ಸು ನೇರ ಮ್ಯೂಸಿಯಮ್ಮಿಗೇ ಹೋಗಿ ನಿಲ್ಲುತ್ತದೆ.

ಹಳೆಯ ಕಾಲವೇ ಚೆನ್ನಾಗಿತ್ತು ಎಂಬ ನಿಟ್ಟುಸಿರಿಗೂ ಉತ್ತರ ಇಷ್ಟೇ. ಲದ್ದಿ, ಹೊಗೆ, ನೂಕುನುಗ್ಗಲು ಮೂರನ್ನೂ ಕಳೆದು ಉಳಿದದ್ದನ್ನಷ್ಟೇ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ಅವನ್ನು ಕಳೆದವರು ಹಳೆಯ ಗೊಣಗುವವರು. ಆದ್ದರಿಂದ ನಿತ್ಯ ಬಸ್ಸು ಹತ್ತುವ ಮಹನೀಯರಲ್ಲಿ, ಮಹಿಳೆಯರಲ್ಲಿ ನನ್ನ ಕೋರಿಕೆ: ಗೊಣಗುವುದನ್ನು ನಿಲ್ಲಿಸಬೇಡಿ. ಆದರೆ ಪಕ್ಕದ ಸೀಟಿನವರ ಕಿವಿಯಲ್ಲಿ ಅದನ್ನು ವ್ಯರ್ಥ ಮಾಡದೆ, ಬಸ್ಸಿನ ನಂಬರು, ಮಾರ್ಗ, ಹೊತ್ತು ಹಾಕಿ, ಬರೆದು ಕೊಡಿ.