ಒತ್ತಬೇಡಿ ಸರ್, ಮುಟ್ಟಿ

ಬ್ಯಾಂಕಿನಲ್ಲಿ 27 ವರ್ಷ ಸೀಲು ಒತ್ತಿದ ಕೈ ನನ್ನದು. ಚಲನ್ನಿನ ಮೇಲೆ ಒತ್ತಿದರೆ ಕೆಳಗಿನ ಟೇಬಲ್ಲಿಗೂ ಗೊತ್ತಾಗಬೇಕು, ಹಾಗೆ ಒತ್ತುತ್ತಿದ್ದೆ. ಅಂಥ ಕೈಯ ಎದುರು 19 ವರ್ಷದ ಹುಡುಗನೊಬ್ಬ ಕೂತು "ಒತ್ತಬೇಡಿ ಸರ್, ಸುಮ್ನೆ ಮುಟ್ಟಿ" ಅಂದರೆ ಪಾಪ, ಕೈ ಏನು ಮಾಡಬೇಕು? ಒತ್ತಿತು.

ಎಲೆಕ್ಟ್ರಿಕ್ ಗಿಟಾರು ನನ್ನದಲ್ಲ, ಮಗನದು. ಪಿಯುಸಿಯಲ್ಲಿ ಹಟ ಹಿಡಿದು ಕೊಡಿಸಿಕೊಂಡವನು ಇಂಜಿನಿಯರಿಂಗ್ ಅಂತ ಹಾಸ್ಟೆಲ್ ಸೇರಿದ. ಗಿಟಾರು ಬೀರುವಿನ ಪಕ್ಕ ನಿಂತು ನನ್ನ ಶರ್ಟುಗಳನ್ನು ಹೊರುತ್ತಿತ್ತು. ನಾನೇ ಕಲೀತೀನಿ ಅಂತ ಘೋಷಿಸಿದ ದಿನ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: "ಹಾಗಾದ್ರೆ ಶರ್ಟು ಎಲ್ಲಿ ಹಾಕ್ತೀರಿ?"

ನನಗೂ ರಾಕ್ ಸಂಗೀತದ ಹಿನ್ನೆಲೆ ಇಲ್ಲವೆಂದಲ್ಲ. 2011ರ ಅಕ್ಟೋಬರ್ 30ರಂದು ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿದಾಗ ನಾನೂ ಅಲ್ಲೇ ಇದ್ದೆ. ಅಲ್ಲೇ ಅಂದರೆ ಮೇಖ್ರಿ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ, ಷಡ್ಡಕನ ಮಗಳ ನಾಮಕರಣ ಮುಗಿಸಿಕೊಂಡು ಬರುತ್ತಾ, ಸ್ಕೂಟರಿನ ಮೇಲೆ. ಗುರುಗಳಿಗೆ ಇದನ್ನು ಹೇಳುವಾಗ ಸ್ಕೂಟರು ಮತ್ತು ನಾಮಕರಣ ಎರಡನ್ನೂ ಬಿಟ್ಟೆ.

ಗುರುಗಳ ಮನೆ ವಾಜರಹಳ್ಳಿ. 2021ರ ಜನವರಿಯಲ್ಲಿ ನಮ್ಮ ತಲಘಟ್ಟಪುರಕ್ಕೆ ಮೆಟ್ರೊ ಬಂದದ್ದರಿಂದ ಏನು ಪ್ರಯೋಜನ ಆಯ್ತು ಅಂತ ಅಪಾರ್ಟ್‌ಮೆಂಟಿನಲ್ಲಿ ಈಗಲೂ ಕೇಳುವವರಿದ್ದಾರೆ. ಅದರಿಂದಾಗಿಯೇ ಆ ಹುಡುಗ ಒಂದೇ ಸ್ಟೇಷನ್ ದಾಟಿ ಬಂದು ನನಗೆ ಪಾಠ ಹೇಳುತ್ತಾನೆ ಎನ್ನುವುದನ್ನು ನಾನು ಅವರಿಗೆ ತಿಳಿಸಿಲ್ಲ. ಮೆಟ್ರೊ ಮೇಲೆ ಸಿಟ್ಟು ಹೆಚ್ಚಾದೀತು.

ಮೊದಲ ಮೂರು ತಿಂಗಳು ಎಲ್ಲ ಸುಸೂತ್ರ. ಎರಡು ಫ್ರೆಟ್ಟುಗಳ ನಡುವೆ ತಂತಿಯನ್ನು ಒತ್ತಿ ಹಿಡಿಯುವುದು, ಮೀಟುವುದು. ಒತ್ತುವುದರಲ್ಲಿ ನನ್ನ ಸರ್ವಿಸ್ಸೇ ಗುರುಗಳ ವಯಸ್ಸಿಗಿಂತ ಹೆಚ್ಚು. ಆಮೇಲೆ ಹಾರ್ಮೋನಿಕ್ಸ್ ಬಂತು. ಬೆರಳು ಫ್ರೆಟ್ಟುಗಳ ನಡುವೆ ಅಲ್ಲ, ಸರಿಯಾಗಿ ಫ್ರೆಟ್ಟಿನ ಲೋಹದ ಪಟ್ಟಿಯ ನೇರಕ್ಕೆ ತಂತಿಯ ಮೇಲೆ ಕೂರಬೇಕು. ತಂತಿ ಕೆಳಗಿಳಿಯಕೂಡದು. ಮೀಟಿದ ಮರುಕ್ಷಣ ಬೆರಳು ಏಳಬೇಕು. 12ನೇ ಫ್ರೆಟ್ಟಿನಲ್ಲಿ ತಂತಿ ಎರಡು ಸಮಪಾಲಾಗುತ್ತದೆ, 7ರಲ್ಲಿ ಮೂರು, 5ರಲ್ಲಿ ನಾಲ್ಕು. ಆಗ ಸಣ್ಣ ಗಂಟೆ ಬಾರಿಸಿದ ಹಾಗೆ ಕೇಳಬೇಕು. ಗುರುಗಳು ಮುಟ್ಟಿದರೆ ಗವಿಗಂಗಾಧರನ ಗುಡಿಯೇ ಮನೆಗೆ ಬಂದಂತಾಗುತ್ತಿತ್ತು. ನಾನು ಮುಟ್ಟಿದರೆ "ಟಪ್". ಅದು ಸೀಲಿನ ಸದ್ದೇ, ನನಗೆ ಚೆನ್ನಾಗಿ ಪರಿಚಯ.

ಹದಿನೈದು ದಿನ "ಟಪ್" ಆಯಿತು. ಒಂದು ಬೆಳಿಗ್ಗೆ ಮೂರನೇ ಮಹಡಿಯ ಅಜ್ಜಿ ಬಾಗಿಲು ಬಡಿದರು. ಮೈಸೂರಿನಲ್ಲಿ ವೀಣೆ ಕಲಿತವರು. ಬೈಗುಳ ತಿನ್ನಲು ತಯಾರಾಗಿ ಬಾಗಿಲು ತೆರೆದರೆ ಅವರು ನೇರ ಸೋಫಾಕ್ಕೆ ಬಂದು ಕೂತರು.

"ಅದ್ಯಾಕಪ್ಪ ಶ್ರುತಿಪೆಟ್ಟಿಗೇನ ಅಷ್ಟು ಮಂದ್ರಕ್ಕೆ ಇಟ್ಟಿದೀಯ?"

ಶ್ರುತಿಪೆಟ್ಟಿಗೆ ಅಲ್ಲ, ಅದು ಆಂಪ್ಲಿಫೈಯರಿನ ಗುಂಯ್‌ಗುಡಿತ. ಸೆಕೆಂಡಿಗೆ 50 ಸಲ ಕಂಪಿಸುವ ನಮ್ಮ ಮನೆ ಕರೆಂಟು ಗಿಟಾರಿನೊಳಗೆ ನುಸುಳಿ ಹಾಡುತ್ತದೆ ಅಂದೆ. "ಒಳ್ಳೇದೇ ಆಯ್ತು, ಊರಿಗೆಲ್ಲ ಒಂದೇ ಶ್ರುತಿ" ಅಂದು ಅಜ್ಜಿ ಗಿಟಾರಿನ ಕಡೆ ಕೈ ಚಾಚಿದರು. 12ರ ಮೇಲೆ ಕಿರುಬೆರಳು ಸೋಕಿಸಿ ಮೀಟಿದರು. ಗಂಟೆ. "ಮೇಲಿನ ಷಡ್ಜ." 7ಕ್ಕೆ ಬಂದರು. "ಪಂಚಮ." 5ರಲ್ಲಿ ಮತ್ತೆ ಷಡ್ಜ, ಇನ್ನೊಂದು ಸ್ಥಾಯಿ ಮೇಲೆ. ನಾಲ್ಕನೆಯದರ ಮೇಲೆ ಬೆರಳಿಟ್ಟು ಮುಖ ಕಿವಿಚಿದರು. ಅಲ್ಲಿಂದ ಒಂದು ಎಳ್ಳಿನಷ್ಟು ಈಚೆ ಸರಿಸಿದರು.

ಅದೊಂದು ಸ್ವರ ಬಂತು ನೋಡಿ. ಕೈಯಲ್ಲಿದ್ದ ಕಾಫಿ ಲೋಟ ಕೈಯಲ್ಲೇ ಉಳಿಯಿತು.

"ಅಂತರ ಗಾಂಧಾರ ಕಣಪ್ಪ. ತಂಬೂರಿ ಚೆನ್ನಾಗಿ ಶ್ರುತಿಯಾದ್ರೆ ಯಾರೂ ಮೀಟದೇ ಕೇಳ್ಸುತ್ತಲ್ಲ, ಅದು. ಸ್ವಯಂಭು. ನಿನ್ನ ಮೆಟ್ಟಿಲು ಅದನ್ನ ತಪ್ಪಿಸಿ ಕೂತಿದೆ."

ಅವರು ಹೋದ ಮೇಲೆ ಅಳತೆ ಟೇಪು ಹಿಡಿದೆ. ತಂತಿಯ ಐದನೇ ಒಂದು ಪಾಲು ಬೀಳುವುದು ನಾಲ್ಕನೇ ಫ್ರೆಟ್ಟಿಗಿಂತ ಸರಿಯಾಗಿ 4 ಮಿಲಿಮೀಟರ್ ಈಚೆಗೆ! ವಿಜಯನಗರದ ರಾಮಾಮಾತ್ಯ 1550ರಲ್ಲಿ ಬರೆದ 'ಸ್ವರಮೇಳ ಕಲಾನಿಧಿ'ಯಲ್ಲೇ ಸ್ವಯಂಭು ಸ್ವರಗಳ ಮಾತು ಬರುತ್ತದೆ. ನನಗೆ ತಲುಪುವುದಕ್ಕೆ ನಾಲ್ಕೂಮುಕ್ಕಾಲು ಶತಮಾನ ತಡವಾಯಿತು ಅಷ್ಟೆ. ಮೂರನೇ ಮಹಡಿಯಿಂದ ಎರಡಕ್ಕೆ ಬರಬೇಕಿತ್ತಲ್ಲ.

ಗುರುಗಳಿಗೆ ಮಾತ್ರ ನನ್ನ ಬೆರಳಿನ ಮೇಲೆ ನಂಬಿಕೆ ಹೋಗಿತ್ತು. "ಸರ್, ಪಿಂಚ್ ಹಾರ್ಮೋನಿಕ್ಸ್ ಟ್ರೈ ಮಾಡೋಣ, ಅದ್ರಲ್ಲಿ ಎಡಗೈ ಒತ್ತಬಹುದು" ಅಂದರು. ಒತ್ತಬಹುದು! ಆ ಪದ ಕೇಳಿ ಎಷ್ಟು ತಿಂಗಳಾಗಿತ್ತು! ಪಿಕ್ಕಿನ ತುದಿ ಮಾತ್ರ ಕಾಣುವಂತೆ ಹಿಡಿದು, ತಂತಿಗೆ ಹೊಡೆದ ಕೂಡಲೇ ಅದೇ ಹೆಬ್ಬೆರಳಿನ ಅಂಚನ್ನು ತಂತಿಗೆ ಸವರಬೇಕು. ಡಿಸ್ಟಾರ್ಶನ್ ಏರಿಸಿದ್ದರೆ ತಂತಿಯೊಳಗಿನ ಮರಿಸ್ವರವೊಂದು ಕಿರುಚಿಕೊಂಡು ಹೊರಬೀಳುತ್ತದೆ. ಹಣ ಎಣಿಸಿದ ಹೆಬ್ಬೆರಳು ನನ್ನದು. ಎರಡನೇ ದಿನಕ್ಕೇ ಕಿರುಚಿಸಿದೆ.

ಮೊದಲ ಬಲಿ ತೊಗರಿಬೇಳೆ. ಅಡುಗೆಮನೆಯಲ್ಲಿ ಹೆಂಡತಿ ಕುಕ್ಕರಿನ ನಾಲ್ಕು ಕೂಗಿಗೆ ಒಲೆ ಆರಿಸುವವಳು. ಅಂದು ನಾಲ್ಕರಲ್ಲಿ ಮೂರು ನನ್ನವು. ತಟ್ಟೆಗೆ ಬಂದ ಸಾರಿನಲ್ಲಿ ಬೇಳೆ ಗೋಲಿಯಂತೆ ಉರುಳಾಡುತ್ತಿತ್ತು. ಸಿ.ವಿ. ರಾಮನ್ ಅವರೇ 1921ರಲ್ಲಿ ವೀಣೆ, ತಂಬೂರಿಯ ಈ ಮರಿಸ್ವರಗಳ ಮೇಲೆ ಲೇಖನ ಬರೆದಿದ್ದಾರೆ ಕಣೇ ಅಂತ ರಕ್ಷಣೆಗೆ ನಿಂತೆ.

"ರೀ, ಅವರಿಗೆ ಆಮೇಲೆ ನೊಬೆಲ್ ಬಂತು. ನಮಗೆ ಬೇಳೆ ಬೇಯಲಿಲ್ಲ."

ಎರಡನೆಯ ಬಲಿ ಲಿಫ್ಟು. ಅದು ಹೇಗೋ ಸದ್ದು ಲಿಫ್ಟಿನ ಗೂಡಿನೊಳಗಿಂದ ಬಂದಂತೆ ಎಲ್ಲ ಮಹಡಿಗೂ ಕೇಳುತ್ತಿತ್ತಂತೆ. ವಾಟ್ಸಾಪ್ ಗುಂಪಿನಲ್ಲಿ ಮೊದಲು "ಲಿಫ್ಟ್ ಕಿರುಗುಟ್ಟುತ್ತಿದೆ", ಆಮೇಲೆ "ಕೇಬಲ್ ಹರಿಯುವ ಮುನ್ಸೂಚನೆ", ರಾತ್ರಿ ಹತ್ತಕ್ಕೆ "ಮಕ್ಕಳನ್ನು ಲಿಫ್ಟಿನಲ್ಲಿ ಕಳಿಸಬೇಡಿ". ನಾನು ಮೂರಕ್ಕೂ ಹೆಬ್ಬೆರಳು ಒತ್ತಿದೆ. ಮಾರನೇ ದಿನ ಮೆಕ್ಯಾನಿಕ್ ಬಂದ. ಅವನು ಇದ್ದಷ್ಟು ಹೊತ್ತು ಗಿಟಾರು ಮಂಚದ ಕೆಳಗಿತ್ತು. ಗ್ರೀಸ್ ಸವರಿ, ನಾಲ್ಕು ಸಲ ಮೇಲೆ ಕೆಳಗೆ ಓಡಾಡಿಸಿ, "ನೋಡಿ, ಸೌಂಡೇ ಇಲ್ಲ" ಅಂದ. 1,800 ರೂಪಾಯಿ, 12 ಮನೆಗೆ ತಲಾ 150. ಎಲ್ಲರಿಗಿಂತ ಮೊದಲು ಕೊಟ್ಟವನು ನಾನೇ. ಸೆಕ್ರೆಟರಿ ಗುಂಪಿನಲ್ಲಿ ನನ್ನನ್ನು ಹೊಗಳಿ ಬರೆದರು.

ಒಂದು ವಾರ ಮೌನವಾಗಿದ್ದೆ. ಎಂಟನೇ ರಾತ್ರಿ, ಆಂಪ್ಲಿಫೈಯರಿನ ಸದ್ದು ಪೂರ್ತಿ ತಗ್ಗಿಸಿ, ಅಜ್ಜಿ ತೋರಿಸಿದ ಹಾಗೆ 7ರ ಮೇಲೆ ಬೆರಳು ಸೋಕಿಸಿ ನೋಡಿದೆ. ಬಂತು ಅನ್ನಿಸಿತು. ತಗ್ಗಿಸಿದ್ದೂ ಅನ್ನಿಸಿದ್ದೇ ಇರಬೇಕು.

ಬೆಳಿಗ್ಗೆ ಲಿಫ್ಟಿನಲ್ಲಿ ಅಜ್ಜಿ, ಸೆಕ್ರೆಟರಿ, ನಾನು. ಅಜ್ಜಿ ಗೋಡೆ ನೋಡುತ್ತಾ ಹೇಳಿದರು: "ನಿನ್ನೆ ರಾತ್ರಿ ಲಿಫ್ಟು ಪಂಚಮಕ್ಕೆ ಮುಟ್ಟಲೇ ಇಲ್ಲ ನೋಡಪ್ಪ. ಒಂದೆಳೆ ಕೆಳಗೇ ನಿಂತುಬಿಡ್ತು."

ಸೆಕ್ರೆಟರಿ ಜೇಬಿನಿಂದ ಪೆನ್ನು ತೆಗೆದವರು ತಡೆದು ನಿಂತರು. "ಪಂಚಮ ಎಲ್ಲಿದೆ ಅಜ್ಜಿ? ನಮ್ಮಲ್ಲಿರೋದೇ ನಾಲ್ಕು ಫ್ಲೋರು."