ಕ್ಲಾಸಣ್ಣ

ಹಾಸ್ಯಸಾಹಿತಿ ಬೀಚಿ ಹುಟ್ಟಿದ ಹರಪನಹಳ್ಳಿ ತಾಲ್ಲೂಕಿನಲ್ಲಿ ಒಬ್ಬನಿಗೆ ಅಡ್ಡಹೆಸರು ಬೀಳಲು ಹೆಚ್ಚು ಹೊತ್ತು ಬೇಕಿಲ್ಲ. ನಮ್ಮ ಉಚ್ಚಂಗಿದುರ್ಗದ ಕ್ಲಾಸಣ್ಣನವರಿಗೆ ಅದು ಬಿದ್ದದ್ದು ರಿಟೈರಾದ ವರ್ಷವೇ. ಗುಮಾಸ್ತಗಿರಿ ಮುಗಿಸಿ ಊರಿಗೆ ಬಂದವರು ಹೊಲ ನೋಡಿಕೊಳ್ಳುತ್ತಾರೆ, ಇಲ್ಲವೇ ಗುಡಿ ಕಟ್ಟೆ ಹಿಡಿಯುತ್ತಾರೆ ಅಂದುಕೊಂಡಿದ್ದೆವು. ಅವರು ಹಿಡಿದದ್ದು ದಾವಣಗೆರೆ ಬಸ್ಸು. ಮೊದಲು ಯೋಗ, ಆಮೇಲೆ ಕೊಳಲು, ಅದಾದ ಮೇಲೆ ಅಣಬೆ ಬೇಸಾಯ, ಕುಂಬಾರಿಕೆ, ಬೋನ್ಸಾಯ್. ಕೊಳಲಿನಲ್ಲಿ ಸರಿಗಮದ ‘ಮ’ವರೆಗೆ ಬಂದಿದ್ದಾರೆ. ‘ಪ’ ಮುಂದಿನ ವಾರ ಅಂದಿದ್ದರಂತೆ ಮೇಷ್ಟ್ರು. ಮುಂದಿನ ವಾರ ಇವರು ಅಣಬೆಗೆ ಹೋಗಿದ್ದರು. ಅಣಬೆ ಬಿತ್ತುವುದು ಮೊದಲನೇ ದಿನದ ಪಾಠ, ಕೊಯ್ಯುವುದು ಎರಡನೆಯದು. ಹಾಗಾಗಿ ಆ ಮನೆಯಲ್ಲಿ ಅಣಬೆ ಬಿತ್ತಿದ್ದುಂಟು, ಸಾರು ಮಾಡಿದ್ದಿಲ್ಲ. ಪಡಸಾಲೆಯ ಗೋಡೆ ತುಂಬ ಮಾತ್ರ ಕಟ್ಟು ಹಾಕಿಸಿದ ಸರ್ಟಿಫಿಕೇಟುಗಳು. ಅವಕ್ಕೆ ಜಾಗ ಬಿಟ್ಟುಕೊಟ್ಟು ಅಪ್ಪ, ತಾತನ ಫೋಟೊಗಳು ಬಚ್ಚಲುಮನೆ ದಾರಿಗೆ ಸರಿದಿವೆ.

ಊರಿನ ಚರಿತ್ರೆಗೂ ಇವರ ಸ್ವಭಾವಕ್ಕೂ ಎಣ್ಣೆ ಸೀಗೇಕಾಯಿ. ಉಚ್ಚಂಗಿ ಪಾಂಡ್ಯರ ಈ ದುರ್ಗವನ್ನು ಚೋಳರು ಹನ್ನೆರಡು ವರ್ಷ ಮುತ್ತಿ, ಇದು ಆಗದ ಕೆಲಸ ಎಂದು ಕೈಬಿಟ್ಟರು, ನಮ್ಮ ವೀರಬಲ್ಲಾಳ ಲೀಲೆಯಿಂದ ಗೆದ್ದ ಎಂದು ಹೊಯ್ಸಳ ಶಾಸನ ಕೊಚ್ಚಿಕೊಳ್ಳುತ್ತದೆ. ಕ್ಲಾಸಣ್ಣ ಚೋಳರ ದಂಡಿನಲ್ಲಿದ್ದಿದ್ದರೆ ಮೊದಲನೇ ದಿನವೇ ಗುಡ್ಡದ ಬುಡ ನೋಡಿ, ಬುತ್ತಿ ಬಿಚ್ಚಿ ಉಂಡು, ಸಂಜೆಗೆ ಬಂಡಿ ಹತ್ತುತ್ತಿದ್ದರು. ಮುತ್ತಿಗೆಯ ಬಗ್ಗೆ ಜೀವಮಾನವಿಡೀ ಮಾತಾಡಲು ಅಷ್ಟು ಸಾಕು. ಈ ಚಂಚಲತೆಯನ್ನು ಅವರು ತಾಲ್ಲೂಕಿನಿಂದಲೇ ಕಲಿತರೇನೋ. 1997ರಲ್ಲಿ ದಾವಣಗೆರೆ ಜಿಲ್ಲೆ ಸೇರಿ, ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಹೊರಟದ್ದು ಇದೇ ಹರಪನಹಳ್ಳಿ ತಾಲ್ಲೂಕು.

ಇಂಥ ಕ್ಲಾಸಣ್ಣನವರಿಗೆ ಬೆಂಗಳೂರಿನ ಮಗಳು ಹುಟ್ಟುಹಬ್ಬಕ್ಕೆ ಪಂಚೆ ಕೊಡಿಸುವುದು ಬಿಟ್ಟು, ಅಲ್ಲಿನ ಯಾವುದೋ ಸ್ಟುಡಿಯೋದಲ್ಲಿ ಗಾಜು ಊದುವ ಕ್ಲಾಸಿಗೆ ಸೇರಿಸಿಬಿಟ್ಟಳು. ಹೊಸಬರಿಗಾಗಿಯೇ ಇರುವ ಕ್ಲಾಸು, ಒಂದೇ ದಿನದ್ದು. ಎರಡನೇ ದಿನವೇ ಇಲ್ಲದ ಕ್ಲಾಸೆಂದರೆ ಅವರಿಗೆ ಸ್ವರ್ಗ.

ಊರಿಗೆ ಮರಳಿದ ಬೆಳಿಗ್ಗೆ ಚಹಾದಂಗಡಿಯಲ್ಲಿ ಮಂಡಕ್ಕಿ, ಮಿರ್ಚಿ ಇನ್ನೂ ತಟ್ಟೆಗೆ ಬಿದ್ದಿರಲಿಲ್ಲ, ಪ್ರವಚನ ಶುರುವಾಯಿತು.

“1,100 ಡಿಗ್ರಿ ನೋಡ್ರಿ! ಮರಳು, ಸೋಡಾ, ಸುಣ್ಣ ಕರಗಿ ಜೇನುತುಪ್ಪ ಆಗಿರ್ತೈತಿ. ಆಳುದ್ದದ ಕಬ್ಬಿಣದ ಕೊಳವಿ ಅದ್ದಿ ತಿರುವಿದ್ರೆ ತುದಿಗೆ ಉಂಡಿ ಕಟ್ಟತೈತಿ. ಈ ಕಡಿಂದ ಊದಿದ್ರೆ ಆ ಕಡಿಗೆ ಗುಳ್ಳಿ ಏಳತೈತಿ. ಸಿರಿಯಾ, ಪ್ಯಾಲೆಸ್ತೀನ್ ಕಡಿ ಈ ವಿದ್ಯೆ ಹುಟ್ಟಿ ಎರಡು ಸಾವಿರ ವರ್ಷ ದಾಟೈತಿ ಅಂತೀನಿ. ವೆನಿಸ್‌ನೋರು 1291ರಾಗ ಗಾಜಿನ ಕುಲುಮಿ ಎಲ್ಲಾ ಕಿತ್ತು ಮುರಾನೊ ಅನ್ನೋ ದ್ವೀಪಕ್ಕೆ ಹಾಕಿದ್ರು. ಗುಟ್ಟು ಹೊರಗ ಹೋಗಬಾರದು ಅಂತ ಕೆಲಸಗಾರರಿಗೆ ಊರು ಬಿಡಾಕ ಬಿಡ್ತಿರಲಿಲ್ಲ.”

“ನಿಮ್ಮನ್ನ ಹೆಂಗ ಬಿಟ್ರು?” ಎಂದ ಅಂಗಡಿಯವ, ಮಿರ್ಚಿ ಎಣ್ಣೆಗೆ ಬಿಡುತ್ತ. ದಿನವಿಡೀ ಕುದಿಯುವ ಎಣ್ಣೆಯ ಮುಂದೆ ನಿಲ್ಲುವವನಿಗೆ ಕುಲುಮೆಯ ಭಯ ಕಡಿಮೆ. ಅವನು ಪೊಲೀಸ್ ಪಂಚನಾಮೆಗೆ ಇಳಿದ.

“ಕುಲುಮಿಯಿಂದ ಗಾಜು ತೆಗೆದೋರು ಯಾರ್ರಿ?”

“ಮೇಷ್ಟ್ರು. ಹೊಸಬರು ಹತ್ರ ಹೋಗಂಗಿಲ್ಲ.”

“ಕೊಳವಿ ತಿರುವಿದೋರು?”

“ಅವರ ಶಿಷ್ಯ. ಒಂದು ಗಳಿಗೆ ನಿಂತ್ರೂ ಗಾಜು ಜೋತು ಬೀಳತೈತಿ.”

“ದುಂಡಗ ಮಾಡಿದೋರು?”

“ಮತ್ತ ಮೇಷ್ಟ್ರ. ಪೇಪರ್ ಮಡಚಿ ನೀರಾಗ ನೆನಸಿ, ಅದನ್ನ ಅಂಗೈಯಾಗ ಹಿಡಿದು ಗಾಜು ಸವರ್ತಾರ.”

“ಕೊಳವಿಯಿಂದ ಬಿಡಿಸಿದೋರು?”

“ಶಿಷ್ಯ.”

“ನೀವು?”

ಕ್ಲಾಸಣ್ಣ ಚಹಾದ ಲೋಟ ಕೆಳಗಿಟ್ಟರು. “ಉಸಿರು ನಂದು!”

ಮಾಡಿದ್ದನ್ನು ತೋರಿಸಿ ಎಂದರೆ ಅದೂ ಬಂದಿರಲಿಲ್ಲ. ಬಿಸಿ ಗಾಜನ್ನು ಹಾಗೇ ಹೊರಗಿಟ್ಟರೆ ಮೈ ಬೇಗ ಆರಿ, ಒಳಗಿನ ಕಾವು ಉಳಿದು, ಆ ಎಳೆದಾಟಕ್ಕೆ ಸೀಳಿಹೋಗುತ್ತದೆ. ಅದಕ್ಕೇ ಬೇರೊಂದು ಒಲೆಯಲ್ಲಿ ಸುಮಾರು 500 ಡಿಗ್ರಿಯಲ್ಲಿಟ್ಟು ರಾತ್ರಿಯೆಲ್ಲ ನಿಧಾನಕ್ಕೆ ಆರಿಸುತ್ತಾರೆ. ತಾಳ್ಮೆ ಬೇಡುವ ಈ ಕೆಲಸವನ್ನೂ ಒಲೆಗೇ ವಹಿಸಿ ಕ್ಲಾಸಣ್ಣ ಬಸ್ಸು ಹತ್ತಿದ್ದರು. ಕೊರಿಯರ್‌ನಲ್ಲಿ ಬಂದದ್ದನ್ನು ಅವರು ಹೂದಾನಿ ಎಂದು ಪರಿಚಯಿಸಿದರು. ನೋಡಲು ಮೂತಿ ಸೊಟ್ಟಗಾದ ಸೋರೆಬುರುಡೆಯಂತಿತ್ತು. ನೆಟ್ಟಗೆ ನಿಲ್ಲುವುದಿಲ್ಲ. ಅಡ್ಡ ಮಲಗಿಸಿದರೆ ಕರೆಂಟ್ ಬಿಲ್ಲು ಹಾರದಂತೆ ಹಿಡಿಯುತ್ತದೆ.

ಆ ಬುರುಡೆಯ ಮೆರವಣಿಗೆ ನಡೆಯುತ್ತಿದ್ದಾಗ ರಿಟೈರಾದ ಹಿಸ್ಟರಿ ಮೇಷ್ಟ್ರೊಬ್ಬರು ಕೆಮ್ಮಿದರು. “ಗಾಜಿನ ಕುಲುಮೆ ನೋಡೋಕೆ ಮುರಾನೊತನಕ ಯಾಕ್ರಿ? ನಮ್ಮ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲೇ ಇತ್ತು. ಟಿಪ್ಪು ಸತ್ತ ಮೇಲೆ ಕಂಪನಿ ಸರ್ಕಾರ ಬುಕಾನನ್ ಅನ್ನೋ ಡಾಕ್ಟರನ್ನ ಈ ಸೀಮೆ ಸುತ್ತೋಕೆ ಕಳಿಸಿತ್ತು. 1807ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಮತ್ತೋಡಿನ ಬಳೆ ಗಾಜಿನ ವಿವರ ಐತೆ. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಅಂತ ಐದು ಬಣ್ಣ. ಕಪ್ಪಿಗೇ ಗಿರಾಕಿ ಹೆಚ್ಚು.”

ಕ್ಲಾಸಣ್ಣ ತಲೆದೂಗಿ ಕೇಳಿದರು: “ಒಂದು ದಿನದ್ದಕ್ಕೆ ಫೀಸು ಎಷ್ಟಿತ್ತಂತೆ?”

ನಗಬೇಡಿ, ಇವರು ಎಲ್ಲ ಊರಲ್ಲೂ ಇದ್ದಾರೆ. ಕೊಟ್ಟೂರಿನಲ್ಲಿ ಗಿಟಾರಿನ ಒಂದೇ ತಂತಿ ಮೀಟುವವರು, ಕೂಡ್ಲಿಗಿಯಲ್ಲಿ ಜಪಾನಿ ಭಾಷೆಯಲ್ಲಿ ನಮಸ್ಕಾರವಷ್ಟೇ ಹೇಳುವವರು. ಹಡಗಲಿಯಲ್ಲಿ ಹಿತ್ತಲ ಮಲ್ಲಿಗೆ ಒಣಗಿಸಿಕೊಂಡು ಆರ್ಕಿಡ್ ಶಿಬಿರಕ್ಕೆ ಹೋಗುವವರು. ನಾವು ಹೋಗಿಲ್ಲ ಎಂಬ ಒಂದೇ ಕಾರಣಕ್ಕೆ ಅವರನ್ನು ಕಂಡು ನಗುತ್ತೇವೆ. ಅವರ ಪರವಾಗಿ ಒಂದು ಮಾತು ಹೇಳಲೇಬೇಕು. ಗಾಜಿನ ಕುಲುಮೆ ಮನೆಯ ಗ್ಯಾಸ್ ಒಲೆಯಲ್ಲ, ರಾತ್ರಿ ಆರಿಸಿ ಬೆಳಿಗ್ಗೆ ಕಡ್ಡಿ ಗೀರಲು. ಗಿರಾಕಿ ಬರಲಿ ಬಿಡಲಿ, ಅದು ಉರಿಯುತ್ತಲೇ ಇರಬೇಕು. ವರ್ಷಗಟ್ಟಲೆ ಕಲಿತ ಕಸುಬುದಾರನ ಹೂದಾನಿಯ ಬೆಲೆ ಕೇಳಿ ನಾವು ಹುಬ್ಬೇರಿಸಿ ವಾಪಸ್ ಇಡುತ್ತೇವೆ. ಕ್ಲಾಸಣ್ಣ ಚೌಕಾಸಿ ಮಾಡದೆ ಫೀಸು ಕಟ್ಟಿ, ಒಂದುಸಲ ಊದಿ ಹೋಗುತ್ತಾರೆ. ಅವರಂಥವರ ಅರೆಬರೆ ಉತ್ಸಾಹದ ಮೇಲೆ ಪೂರಾ ವಿದ್ಯೆ ಬದುಕಿದೆ. ಬಳೆ ಕೊಳ್ಳುವವರನ್ನಷ್ಟೇ ನಂಬಿದ್ದ ಮತ್ತೋಡಿನ ಕುಲುಮೆ ಈಗ ಬುಕಾನನ್‌ನ ಪುಸ್ತಕದಲ್ಲಿದೆ.

ಈ ಗೌರವವನ್ನೆಲ್ಲ ಕ್ಲಾಸಣ್ಣ ಯುಗಾದಿ ಜಾತ್ರೆಯಲ್ಲಿ ಕಳೆದುಕೊಂಡರು. ಹೆಂಡತಿಯೊಡನೆ ಗುಡ್ಡ ಹತ್ತಿ, ಉಚ್ಚೆಂಗೆಮ್ಮನಿಗೆ ಉಡಿ ತುಂಬಿಸಿ, ಇಳಿಯುವಾಗ ಬಳೆ ಅಂಗಡಿಯ ಮುಂದೆ ನಿಂತರು. ಒಂದು ಹಸಿರು ಬಳೆಯನ್ನು ಬಿಸಿಲಿಗೆ ಹಿಡಿದು ಬಳೆಗಾರ ಅಜ್ಜಿಗೆ ಪಾಠ ಶುರುಮಾಡಿದರು.

“ಇದು ಊದಿದ್ದಲ್ಲವ್ವಾ. ಉತ್ತರಪ್ರದೇಶದ ಫಿರೋಜಾಬಾದಿನಾಗ ತಿರುಗೋ ರೂಳಿಗೆ ಕಾದ ಗಾಜಿನ ಎಳಿ ಸುತ್ತಿ, ಅದನ್ನ ಉದ್ದಕ ಕೊಯ್ದು, ಒಂದೊಂದೇ ತುದಿ ಬೆಂಕಿಗೆ ಹಿಡಿದು ಕೂಡಿಸ್ತಾರ.”

ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಅಜ್ಜಿ ಎಲೆ ಅಡಿಕೆ ಆಚೆ ದವಡೆಗೆ ತಳ್ಳಿ ಅಂದಳು: “ಹೌದೇನ್ರಿ ಯಜಮಾನ್ರ? ನಾನು ತರೋದು ದಾವಣಗೆರಿ ಪ್ಯಾಟಿಯಿಂದ.”

“ಇಷ್ಟು ಗೊತ್ತಿದ್ದೋರು ನಂಗೊಂದು ಡಜನ್ ನೀವ ಇಡಸ್ರಿ ನೋಡಾಣ,” ಎಂದು ಹೆಂಡತಿ ಕೈ ಚಾಚಿದರು. ಜನ ಸೇರಿತು. ಕ್ಲಾಸಿನಲ್ಲಿ ಕಣ್ಣಿಗೆ ರಕ್ಷಣೆ ಮೊದಲು ಎಂದು ಹೇಳಿಕೊಟ್ಟಿದ್ದರಿಂದ ಕ್ಲಾಸಣ್ಣ ಓದುವ ಕನ್ನಡಕ ಹಾಕಿಕೊಂಡರು. ತೋಳು ಮಡಚಿದರು. ಬಳೆಯನ್ನು ಬೆರಳುಗಳ ಗೆಣ್ಣಿನವರೆಗೆ ತಂದರು. ಟಕ್! ಇನ್ನೊಂದು, ಟಕ್! ಮೂರನೆಯದು ಅವರ ಕೈಯಲ್ಲೇ ಹೋಯಿತು.

“ಜಾತ್ರಿ ದಿನ ಏನ್ರಿ ಇದು!” ಎಂದು ಹೆಂಡತಿ ಕೈ ಹಿಂದೆಳೆದರು.

“ಉಸಿರು ಬಿಗಿ ಹಿಡೀಬ್ಯಾಡ್ರಿ ಯಜಮಾನ್ರ, ಇದು ಊದೋದಲ್ಲ,” ಎಂದ ಅಜ್ಜಿ ಆ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಿಸಿ, ಗೆಣ್ಣು ಒತ್ತಿ, ಬಳೆಯನ್ನು ತುಸು ವಾರೆ ಮಾಡಿ ದೂಡಿದಳು. “ಮಗಳು ಹೆಂಗದಾಳ? ಎಷ್ಟು ಮಕ್ಕಳು?” ಎಂದು ಕೇಳಿ ಉತ್ತರ ಬರುವಷ್ಟರಲ್ಲಿ ಹನ್ನೆರಡೂ ಮುಂಗೈಗೆ ಏರಿದ್ದವು. ಡಜನ್ನಿನ ರೊಕ್ಕದ ಜೊತೆ ಒಡೆದ ಮೂರರದ್ದನ್ನೂ ಎಣಿಸಿ ಇಸಿದುಕೊಂಡಳು.

“ಅದನ್ನ ಕ್ಲಾಸಿನ ಫೀಸು ಅನ್ಕೊಳ್ರಿ.”

ಆ ಒಂದು ಪದ ಕಿವಿಗೆ ಬಿದ್ದದ್ದೇ ಕ್ಲಾಸಣ್ಣನ ಮುಖ ಅರಳಿತು.

“ಸರ್ಟಿಫಿಕೇಟ್ ಕೊಡ್ತೀಯೇನವ್ವಾ?”

“ಎರಡನೇ ಕ್ಲಾಸಿಗೆ ಬರ್ರಿ, ಕೊಡ್ತೀನಿ.”

ಮಾರನೇ ದಿನವೂ ಜಾತ್ರೆ ಇತ್ತು, ಅಜ್ಜಿಯೂ ಅಲ್ಲೇ ಇದ್ದಳು. ಕ್ಲಾಸಣ್ಣ ಜೇನು ಸಾಕಣೆಗೆ ಹೋಗಿದ್ದರು.