ಚಿ. ಯಮನಪ್ಪ

ನಮ್ಮೂರು ಗುಡಗೇರಿಯ ಓಣಿಯಲ್ಲಿ ನಿಂತು "ಯಮನಪ್ಪಾ" ಎಂದು ಕೂಗಿದರೆ ಎರಡು ಮೂರು ಮನೆಯಿಂದಲಾದರೂ "ಓ" ಎಂಬ ಉತ್ತರ ಬರುತ್ತದೆ. ಒಬ್ಬ ಮೆಣಸಿನಕಾಯಿ ಚೀಲ ಹೇರುವವ, ಇನ್ನೊಬ್ಬ ಟ್ರ್ಯಾಕ್ಟರ್ ಹೊಡೆಯುವವ. ಯಮನವ್ವ ಎಂಬ ಹಿರಿಯಳು ಕೇರಿಯ ಕೂಸುಗಳಿಗೆಲ್ಲ ಎಣ್ಣೆ ಹಚ್ಚಿ ನೀರು ಹಾಕುತ್ತಾಳೆ. ಈ ಹೆಸರಿನಲ್ಲಿ ಅಂಜುವಂಥದ್ದೇನಿದೆ ಎಂದು ನಮಗೆ ತಿಳಿಯಲು ಮೈಸೂರು ಕಡೆಯ ಬೀಗರೇ ಬರಬೇಕಾಯಿತು.

ಬೀಗರು ರೊಟ್ಟಿ, ಎಣಗಾಯಿ ಮುಂದಿಟ್ಟುಕೊಂಡು ಕೂತಿದ್ದಾಗ ಬಾಗಿಲು ಸಪ್ಪಳಾಯಿತು.

"ಯಾರಪಾ?" ಎಂದಳು ಅವ್ವ.

"ನಾನ್ರೀ ಯವ್ವಾ, ಯಮನಪ್ಪ. ಅಜ್ಜಾರು ಅದಾರೇನ್ರಿ?"

ಬೀಗತಿಯ ಕೈತುತ್ತು ಬಾಯಿಗೆ ಹೋಗದೆ ನಡುವೆಯೇ ನಿಂತಿತು.

"ಮಲಗ್ಯಾರ. ಎಬ್ಬಸ್ಲೇನು?"

"ಬ್ಯಾಡ್ರಿ. ಅವರದು ಈ ತಿಂಗಳಿಗೆ ಮುಗೀತೈತಿ ಅಂತ ಹೇಳಿ ಹೋಗೂಣು ಅಂತ ಬಂದೆ."

"ಬಾ, ಚಾ ಕುಡದು ಹೋಗು."

"ಚಹಾ ಬೇರೆ ಕೊಡ್ತೀರಾ?" ಎಂದು ಬೀಗತಿ ಪಿಸುಗುಟ್ಟಿದರು. ಮುಗಿಯಲಿದ್ದದ್ದು ಅಜ್ಜನ ಮೊಪೆಡ್ಡಿನ ಇನ್ಶೂರನ್ಸು ಎಂದು ತಿಳಿಸಿ ಹೇಳುವಷ್ಟರಲ್ಲಿ ಎಣಗಾಯಿ ಆರಿಹೋಗಿತ್ತು.

ನಮ್ಮ ಕಡೆಯ ಯಮನಪ್ಪಗಳಿಗೆ ಕೋಣವೂ ಇಲ್ಲ, ಪಾಶವೂ ಇಲ್ಲ. ಅವರ ಮೂಲ ನವಲಗುಂದ ತಾಲೂಕಿನ ಯಮನೂರು. ಶಿಗ್ಗಾವಿ ಕಡೆ ಹುಟ್ಟಿ, ನಮ್ಮ ಕುಂದಗೋಳ ತಾಲೂಕು ದಾಟಿ, ಮಲಪ್ರಭೆ ಸೇರಲು ಹೋಗುವ ಬೆಣ್ಣಿಹಳ್ಳದ ದಂಡೆಯ ಊರದು. ಅಲ್ಲಿಯ ದರ್ಗಾದಲ್ಲಿರುವವರು ಮುಸಲ್ಮಾನರಿಗೆ ರಾಜಾಬಾಗ್ ಸವಾರ್, ಅಂದರೆ ಹುಲಿ ಸವಾರಿಯವರು, ಹಿಂದೂಗಳಿಗೆ ಚಾಂಗದೇವ. ಹೋಳಿಯ ನಂತರದ ಜಾತ್ರೆಗೆ ಇಬ್ಬರೂ ಬಂದು ಹಳ್ಳದಲ್ಲಿ ಮುಳುಗು ಹಾಕುತ್ತಾರೆ. ಅದೇ ಹಳ್ಳದ ನೀರಿನಿಂದ ಅಲ್ಲಿ ದೀಪ ಹಚ್ಚುತ್ತಾರೆ ಎಂಬುದು ಪ್ರತೀತಿ. ಮಕ್ಕಳಾಗದವರು, ಆದ ಮಕ್ಕಳು ಉಳಿಯದವರು ಅಲ್ಲಿ ಬೇಡಿಕೊಂಡು, ಹರಕೆ ಫಲಿಸಿದ ಮೇಲೆ ಕೂಸಿಗೆ ಯಮನೂರಪ್ಪ, ಯಮನೂರಸಾಬ, ಯಮನಪ್ಪ, ಯಮನವ್ವ ಎಂದು ಹೆಸರಿಡುತ್ತಾರೆ. ಕೇಳಿದರೆ ಎದೆ ಧಸಕ್ ಎನ್ನುವ ಈ ಹೆಸರು ಮನೆಯವರು ಹಾತೊರೆದು ಪಡೆದ ಮಗುವಿನದು.

ಇನ್ನೂ ಒಂದು ಚೋದ್ಯವಿದೆ. ಜ್ಞಾನೇಶ್ವರರನ್ನು ಕಾಣಲು ಹುಲಿ ಏರಿ ಹೋದ ಈ ಚಾಂಗದೇವ, ಯೋಗಬಲದಿಂದ ಸಾವನ್ನು ಮತ್ತೆ ಮತ್ತೆ ಬರಿಗೈಲಿ ಕಳಿಸಿ 1400 ವರ್ಷ ಬದುಕಿದ್ದನೆಂದು ಕತೆ. ಯಮನಿಗೆ ಅಷ್ಟು ಸಲ ಕೈಕೊಟ್ಟವನ ಊರಿಗೇ ಯಮನ ಹೆಸರು!

ಸಾವಿಗೆ ಹೀಗೆ ಚಳ್ಳೆಹಣ್ಣು ತಿನ್ನಿಸುವುದರಲ್ಲಿ ನಮ್ಮವರೂ ಪಳಗಿದವರು. ತಿಪ್ಪೆಯಲ್ಲಿ ಹೊರಳಿಸಿದ ಕೂಸು ತಿಪ್ಪಣ್ಣ; ಇಂಥದ್ದನ್ನು ಯಾರು ಒಯ್ದಾರು ಎಂಬ ಲೆಕ್ಕ. ಮಸಣಪ್ಪನಂತೂ ಮೊದಲೇ ಮಸಣಕ್ಕೆ ಹೋಗಿ ಹಾಜರಿ ಹಾಕಿ ಬಂದವ. ಇದು ಹಳ್ಳಿಗರ ಮೌಢ್ಯ ಎಂದು ಮೂಗು ಮುರಿಯುವವರಿಗೆ ಹನ್ನೆರಡನೆಯ ಶತಮಾನದ ವಚನಕಾರ ಗಜೇಶ ಮಸಣಯ್ಯನನ್ನು ತೋರಿಸಬೇಕು. ಅನುಭಾವಕ್ಕೆ ಆ ಹೆಸರೇನೂ ಅಡ್ಡ ಬರಲಿಲ್ಲ. ಅರ್ಥ ಕೇಳಿದರೆ ಅಪ್ಪ-ಅವ್ವ ಮೊಬೈಲು ತೆಗೆಯಬೇಕಾಗುವ ಈಗಿನ ಹೆಸರುಗಳಿಗಿಂತ ನನಗೆ ಇವೇ ವಾಸಿ.

ಮೊನ್ನೆ ನಮ್ಮ ಇನ್ಶೂರನ್ಸ್ ಯಮನಪ್ಪನ ಲಗ್ನಪತ್ರಿಕೆ ಬಂತು. ವರನ ಹೆಸರಿನ ಹಿಂದೆ ವಾಡಿಕೆಯಂತೆ 'ಚಿರಂಜೀವಿ' ಹಚ್ಚಿದ್ದಾರೆ. ಕೆಳಗೆ, ತಮ್ಮ ಆಗಮನವನ್ನು ಬಯಸುವವರ ಸಾಲಿನಲ್ಲಿ, ಮೊದಲ ಹೆಸರು ಮಸಣಪ್ಪ.